ಏಜೆನ್ಸಿ ಇಲ್ಲದೆ ಬಂದವಳು

ಏಜೆನ್ಸಿಯವರನ್ನು ಕಂಡರೆ ಬೂನ್ ಹೊಕ್‌ಗೆ ಆಗುತ್ತಿರಲಿಲ್ಲ. ಮನೆಗೆಲಸಕ್ಕೆ ಹುಡುಗಿಯನ್ನು ಗೊತ್ತುಮಾಡಲು ಮಧ್ಯೆ ಇನ್ನೊಬ್ಬ ಏಕೆ ಎಂಬುದು ಅವನ ವಾದ. ಮನಿಲಾದ ನೆನಿತಾಳನ್ನು ತಾನೇ ಹುಡುಕಿ, ತಾನೇ ಮಾತಾಡಿ, ಸಿಂಗಾಪುರದ ಪರವಾನಗಿಯನ್ನೂ ತಾನೇ ಮಾಡಿಸಿದ್ದ. ಹೆಂಡತಿ ಪೇ ಶಾನ್ ಸಂಜೆ ಹಸುಗೂಸಿನೊಂದಿಗೆ ಆಸ್ಪತ್ರೆಯಿಂದ ಬರುವವಳಿದ್ದಳು. ಅಷ್ಟರೊಳಗೆ ಕೆಲಸದವಳು ಬಾರದಿದ್ದರೆ ಅತ್ತೆ ಬಂದು ಠಿಕಾಣಿ ಹೂಡುವುದು ಖಚಿತ. ಆ ಮಹಾತಾಯಿ ಒಮ್ಮೆ ಬಂದರೆ ಹೋಗುವ ಮಾತೇ ಎತ್ತುತ್ತಿರಲಿಲ್ಲ.

ಬೆಳಿಗ್ಗೆ ಕರೆಗಂಟೆ ಸದ್ದಾಯಿತು. ಬಿಳಿಚಿಕೊಂಡ ಮುಖ, ಕೆನ್ನೆಗೆ ದುಂಡಗೆ ಕೆಂಪು ಬಳಿದುಕೊಂಡ ಹುಡುಗಿ. ಕೈಯಲ್ಲಿ ಪೆಟ್ಟಿಗೆಯಿಲ್ಲ, ಚೀಲವಿಲ್ಲ.

"ನೆನಿತಾ? ಏರ್‌ಪೋರ್ಟಿಗೆ ನಾನೇ ಬರ್ತಿದ್ದೆನಲ್ಲ!"

"ವಿಳಾಸ ಹೇಳಿದ್ರಲ್ಲ ಸಾರ್," ಎಂದಳು. ದನಿ ಹಳೆಯ ಪೇಪರು ಮಡಿಸಿದ ಹಾಗಿತ್ತು. ಫೋನಿನಲ್ಲಿ ಕಂಡ ಮುಖ ಇದಲ್ಲವಲ್ಲ ಅನಿಸಿತು. ಫೋನಿನಲ್ಲಿ ಯಾರ ಮುಖ ತಾನೇ ಸರಿಯಾಗಿ ಕಾಣುತ್ತದೆ ಎಂದು ಒಳಗೆ ಕರೆದ.

ಅವಳು ಸದ್ದಿಲ್ಲದೆ ಮನೆ ಗುಡಿಸಿದಳು, ತೊಟ್ಟಿಲು ಸಿದ್ಧಮಾಡಿದಳು. ಆದರೆ ಪಾತ್ರೆ ತೊಳೆಯಲು ಹೇಳಿದರೆ ಹಿಂದೆ ಸರಿದಳು. ಒಲೆ ಹಚ್ಚಿದರೆ ಬಾಲ್ಕನಿಗೆ ಓಡಿದಳು. ಸೆಖೆಯೆಂದು ಫ್ಯಾನ್ ಹಾಕಿದರೆ ನೆಲದ ಮೇಲೆ ಜಾರುತ್ತಾ ಹೋಗಿ ಗೋಡೆಗೆ ಅಂಟಿಕೊಂಡಳು.

ಬಾಣಂತಿಗೆಂದು ಶುಂಠಿ ಹಾಕಿದ ಹಂದಿಕಾಲಿನ ಸಾರು ತಂದ ಪಕ್ಕದ ಮನೆಯ ಗೆಕ್ ಆಂಟಿ ಹುಡುಗಿಯನ್ನು ದಿಟ್ಟಿಸಿ ನೋಡಿದಳು.

"ಹೊಕ್, ಇವಳು ಉಸಿರಾಡ್ತಾಳೇನೋ?"

"ಹೊಸಬಳು ಆಂಟಿ, ಸಂಕೋಚ."

ಆಗಲೇ ಫೋನ್ ಬಡಿದುಕೊಂಡಿತು. ಪರದೆಯ ಮೇಲೆ ನೆನಿತಾ ಅಳುತ್ತಿದ್ದಳು. "ಸಾರ್, ಇಲ್ಲೇ ಮನಿಲಾದಲ್ಲೇ ತಡೆದ್ಬಿಟ್ರು. ಏಜೆನ್ಸಿ ಇಲ್ಲದೆ ಹೋಗೋರಿಗೆ ಬೇರೆ ಅನುಮತಿ ಬೇಕಂತೆ. ನಾನು ವಿಮಾನ ಹತ್ತಲೇ ಇಲ್ಲ!"

ಇಬ್ಬರೂ ಹುಡುಗಿಯತ್ತ ತಿರುಗಿದರು. ಅವಳು ಕಣ್ಣು ಮಿಟುಕಿಸದೆ ನಿಂತಿದ್ದಳು.

ಆಂಟಿ ಅವನ ಕೈ ಹಿಡಿದುಕೊಂಡಳು. "ಪ್ರೇತಗಳ ತಿಂಗಳು ಅಂತ ನಿನ್ನೆ, ತೀರಿಹೋದ ನಿಮ್ಮಮ್ಮನಿಗೆ ಸೇರಲಿ ಅಂತ, ಕಾಗದದಲ್ಲಿ ಮಾಡಿದ ಸಾಮಾನು ಸುಟ್ಟೆಯಲ್ಲ, ಏನೇನಿತ್ತೋ ಅದ್ರಲ್ಲಿ?"

"ಮನೆ, ಕಾರು... ಒಬ್ಬಳು ಕೆಲಸದವಳು."

"ಪುರೋಹಿತರನ್ನ ಕರೆಸಿದ್ಯಾ?"

"ಮಧ್ಯೆ ಅವರ್ಯಾಕೆ ಅಂತ..."

"ಅಲ್ಲೂ ಏಜೆನ್ಸಿ ಬೇಡವಾಯ್ತಾ ನಿನಗೆ! ಸುಡುವಾಗ ಅಮ್ಮನ ಹೆಸರಾದ್ರೂ ಕೂಗಿದ್ಯಾ?"

ಕೂಗಿರಲಿಲ್ಲ. ಕೈಯಲ್ಲಿ ಫೋನಿತ್ತು. ನೆನಿತಾಳಿಗೆ ಸರಿಯಾಗಿ ಕೇಳಿಸಲೆಂದು ಬ್ಲಾಕು, ಮಹಡಿ, ಬಾಗಿಲ ನಂಬರು ಎಲ್ಲವನ್ನೂ ಉರಿಯ ಮುಂದೆ ನಿಂತು ಅರಚಿದ್ದ. "ಸೀದಾ ಇಲ್ಲಿಗೇ ಬಾ, ಎಲ್ಲೂ ನಿಲ್ಬೇಡ!" ಎಂದೂ ಸೇರಿಸಿದ್ದ.

ಗೆಕ್ ಆಂಟಿ ಸಾರಿನ ಪಾತ್ರೆ ಬಿಟ್ಟು ಓಟ ಕಿತ್ತಳು. ಬೂನ್ ಹೊಕ್‌ಗೂ ಓಡಬೇಕೆನಿಸಿತು. ಆದರೆ ಭಯದ ನಡುವೆಯೇ ಸಣ್ಣದೊಂದು ಆಸೆ ತಲೆಯೆತ್ತಿತು. ಇವಳಿಗೆ ಊಟ ಬೇಡ, ಸಂಬಳ ಬೇಡ, ಭಾನುವಾರದ ರಜೆಯೂ ಬೇಡ. "ಇಲ್ಲೇ ಇದ್ಬಿಡ್ತೀಯಾ?" ಎಂದು ಕೇಳಿದ. ಅವಳು ಹೂಂ ಎಂಬಂತೆ ಸರ್ರನೆ ತಲೆಯಾಡಿಸಿದಳು.

ಸಂಜೆ ಪೇ ಶಾನ್ ಬಂದವಳೇ ಒಪ್ಪವಾದ ತೊಟ್ಟಿಲು ಕಂಡು ಹಿಗ್ಗಿದಳು. "ನೀನು ಬರೋದು ಬೇಡಮ್ಮ, ಒಳ್ಳೆಯವಳು ಸಿಕ್ಕಿದ್ದಾಳೆ," ಎಂದು ತಾಯಿಗೆ ಫೋನಿನಲ್ಲಿ ಹೇಳುವುದು ಕಿವಿಗೆ ಬಿದ್ದಾಗ ಬೂನ್ ಹೊಕ್‌ನ ಎದೆ ಹಗುರಾಯಿತು.

ಮತ್ತೆ ಕರೆಗಂಟೆ. ಹುಡುಗಿ ಬಾಗಿಲು ತೆರೆದು ನೆಲ ಮುಟ್ಟುವಷ್ಟು ಬಾಗಿದಳು. ತಣ್ಣನೆ ಗಾಳಿ ನುಗ್ಗಿತು. ಹೋದ ವರ್ಷ ಶವಪೆಟ್ಟಿಗೆಯಲ್ಲಿ ಮಲಗಿಸುವಾಗ ಉಡಿಸಿದ್ದ ಅದೇ ರೇಷ್ಮೆಯಲ್ಲಿ ಅಮ್ಮ ಒಳಬಂದು ಸೋಫಾದ ಮೇಲೆ ಕೂತಳು. ಹುಡುಗಿ ಹಿಂದೆ ನಿಂತು ಬೀಸಣಿಗೆ ಬೀಸತೊಡಗಿದಳು.

"ಮನೆ ಬಂತು, ಕಾರು ಬಂತು. ಅವಕ್ಕೆ ಕಿವಿಯಿಲ್ಲ," ಎಂದಳು ಅಮ್ಮ. "ಇವಳು ನಿನ್ನ ಅರಚಾಟ ಕೇಳಿ ಈ ಕಡೆ ತಿರುಗಿದ್ಳು."

"ತಪ್ಪಾಯ್ತಮ್ಮ. ಕರ್ಕೊಂಡು ಹೋಗು."

"ಈ ವಿಳಾಸಕ್ಕೆ ಕರೆಸಿದ್ದೀಯ. ಇಲ್ಲಿಂದ ಕದಲೋ ಹಾಗಿಲ್ಲ ಇವಳು."

ಒಳಗಿಂದ ಪೇ ಶಾನ್ ಕೂಗಿದಳು: "ಹೊಕ್, ನೆನಿತಾಗೆ ಮಗುವಿನ ಬಟ್ಟೆ ಒಗೆಯೋಕೆ ಹೇಳು!"

"ನೀರು ಬಿದ್ರೆ ಕರಗಿಹೋಗ್ತಾಳೆ. ನೀನೇ ಒಗಿ," ಎಂದಳು ಅಮ್ಮ.

ಬೂನ್ ಹೊಕ್ ಬಕೆಟ್ ಎತ್ತಿಕೊಂಡ. "ತಿಂಗಳು ಮುಗಿದ್ಮೇಲೆ ನೀನು ವಾಪಸ್ ಹೋಗ್ತೀಯಲ್ಲಮ್ಮ?"

"ಕೆಲಸದವಳನ್ನ ಇಲ್ಲಿ ಬಿಟ್ಟು," ಎಂದಳು ಅಮ್ಮ ಕಾಲು ಚಾಚುತ್ತಾ, "ಅಲ್ಲಿ ಹೋಗಿ ನಾನೇನು ಮಾಡ್ಲೋ?"