ಕೆನ್ನೆ ತೋರಿಸದ ಹಕ್ಕಿ

ಹಕ್ಕಿ ಬೆನ್ನು ತೋರಿಸಿತು, ಬಾಲ ತೋರಿಸಿತು, ಮುಖ ಮಾತ್ರ ತೋರಿಸಲಿಲ್ಲ. ಊಟದ ಹೊತ್ತಿಗೆ ಕೌಂಟರಿನ ಗುಮಾಸ್ತ ತಿರುಗಿ ಕೂತ ಹಾಗೆ.

ಶಿವಮೊಗ್ಗದಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದಿದ್ದ ಬ್ಯಾಂಕ್ ಅಧಿಕಾರಿ ಫಣೀಂದ್ರನಿಗೆ ಬೇಕಿದ್ದುದು ಅದರ ಕೆನ್ನೆ. ಕಿತ್ತಳೆ ತಲೆಯ ನೆಲಸಿಳ್ಳಾರವೇನೋ ಹೌದು. ಕೆನ್ನೆಯಲ್ಲಿ ಕಪ್ಪು ಪಟ್ಟೆಯಿದ್ದರೆ ದಕ್ಷಿಣದ್ದು, ಇಲ್ಲದಿದ್ದರೆ ಹಿಮಾಲಯದಿಂದ ವಲಸೆ ಬಂದದ್ದು. "ಬೆನ್ನು ನೋಡಿ ಗುರುತು ಹೇಳೋಕಾಗುತ್ತೇನ್ರೀ?" ಎಂದು ಅವನ ಮೊದಲ ಫೋಟೊ ನೋಡಿ ಅಲ್ಲಿನ ಕನ್ನಡಿಗರ ಪಕ್ಷಿವೀಕ್ಷಕ ಬಳಗದ ಹಿರಿಯ ಈಶ್ವರಯ್ಯ ಎಲ್ಲರೆದುರು ನಕ್ಕಿದ್ದರು. ಈ ಒಂದು ಹಕ್ಕಿಯಾದರೂ ತನ್ನ ಹೆಸರಿನಲ್ಲಿ ದಾಖಲಾಗಬೇಕೆಂಬ ಹಟ ಆಗ ಹುಟ್ಟಿತು.

ಭಾನುವಾರ ಬೆಳಿಗ್ಗೆ ಎಂವಿಪಿ ಕಾಲೋನಿಯ ತನ್ನ ಅಪಾರ್ಟ್‌ಮೆಂಟಿನ ಹಿಂದೆ, ಬಾದಾಮಿ ಮರದ ತರಗೆಲೆಗಳ ಮೇಲೆ ಅವನು ಬೋರಲು ಮಲಗಿದ. ಉಸಿರನ್ನೂ ಕಂತಿನಲ್ಲಿ ಬಿಡುತ್ತಿದ್ದ.

"ಏಮಂಡಿ ಫಣೀಂದ್ರ ಗಾರೂ, ಏನ್ ಬಿತ್ತು?"

ಮೇಲಿನ ಮನೆಯ ಕನಕದುರ್ಗಮ್ಮ. ತವರು ಬಳ್ಳಾರಿ, ಗಂಡ ತೆಲುಗಿನವರು, ದನಿ ಎರಡೂ ರಾಜ್ಯಕ್ಕೆ ಸಾಕಾಗುವಷ್ಟು.

ಹಕ್ಕಿ ಎಂದರೆ ಇಡೀ ಅಪಾರ್ಟ್‌ಮೆಂಟ್ ಇಳಿದು ಬರುತ್ತದೆ. ಫಣೀಂದ್ರ ಕ್ಯಾಮೆರಾವನ್ನು ಹೊಟ್ಟೆಯಡಿ ತಳ್ಳಿ, ತುಟಿಯ ಮೇಲೆ ಬೆರಳಿಟ್ಟ. ಕೈ ಬೋಳಾಗಿತ್ತು.

"ಅಯ್ಯೋ, ಮದುವೆ ಉಂಗುರ! ಆಯ್ತು, ನಿಮ್ಮನೆಯವರಿಗೆ ಹೇಳಲ್ಲ ಬಿಡಂಡಿ," ಎಂದ ಆಕೆ ಉಳಿದವರಿಗೆಲ್ಲ ಹೇಳಿದರು.

ಜನ್ಮದಲ್ಲಿ ಉಂಗುರ ತೊಡದ ಫಣೀಂದ್ರ ಬಾಯಿ ತೆರೆಯುವಷ್ಟರಲ್ಲಿ ಅಸೋಸಿಯೇಷನ್ ಕಾರ್ಯದರ್ಶಿ ಬಾಬ್ಜಿ ಪೊರಕೆ ಪಡೆಯೊಂದಿಗೆ ಬಂದಾಗಿತ್ತು. "ನೀವು ಏಳಂಡಿ ಸಾರ್. ಒಂದು ಎಲೆ ಬಿಡಲ್ಲ!"

ಬಿಡಲಿಲ್ಲ. ಹಕ್ಕಿ ಹುಳ ಹೆಕ್ಕುತ್ತಿದ್ದ ತರಗೆಲೆಯೆಲ್ಲ ಚೀಲ ಸೇರಿತು. ತಾನು ಉತ್ತರದವನೋ ದಕ್ಷಿಣದವನೋ ಎಂದು ಹೇಳದೆ ಹಕ್ಕಿ ಕಾಂಪೌಂಡು ಹಾರಿತು.

ಗೋಡೆಗೊರಗಿ ಕೂತವನಿಗೆ ಕನಕದುರ್ಗಮ್ಮ ಕಾಫಿ ತಂದರು. "ಬೇಜಾರ್ ಮಾಡ್ಕೋಬೇಡಿ. ನೀವು ಮಲಗಿದ್ದ ಚೆಂದಕ್ಕೆ, ಕೂಗೋಕೆ ಮುಂಚೆ ಒಂದು ಫೋಟೊ ತೆಗ್ದೆ. ಉಂಗುರ ಬಿದ್ದ ಜಾಗ ಗೊತ್ತಾಗುತ್ತೆ, ನೋಡಿ."

ನೋಡಿದ. ಬೋರಲು ಬಿದ್ದ ಒಬ್ಬ ಮನುಷ್ಯ. ಅವನ ಹಿಮ್ಮಡಿಯ ಹಿಂದೆಯೇ, ಪಾಸ್‌ಪೋರ್ಟ್ ಫೋಟೊಗೆ ನಿಂತಂತೆ, ಹಕ್ಕಿ! ಕೆನ್ನೆಯಲ್ಲಿ ಪಟ್ಟೆಯೇ ಇಲ್ಲ!

ಫೋಟೊವನ್ನು ತನ್ನ ಫೋನಿಗೆ ಹಾಕಿಸಿಕೊಂಡು ಈಶ್ವರಯ್ಯನವರಿಗೆ ಕಳಿಸಿದ. ತಕ್ಷಣ ಫೋನ್ ಬಂತು.

"ಹಿಮಾಲಯದ್ದೇ ರೀ! ತೆಗೆದವರು ಯಾರು?"

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಮೇಲಿನ ಮನೆ ಕನಕದುರ್ಗಮ್ಮ."

"ಹಾಗಾದ್ರೆ ಅವರ ಹೆಸರಲ್ಲೇ ದಾಖಲೆ. ಮುಂದಿನ ವಾರ ಬಳಗಕ್ಕೆ ಕರ್ಕೊಂಡು ಬನ್ನಿ, ಮಾತಾಡ್ಲಿ. ಅಲ್ರೀ, ಅಂಥಾ ಹಕ್ಕಿ ಕಾಲ ಹತ್ರ ನಿಂತಿದ್ರೂ ತಿರುಗಿ ನೋಡದೆ ಮಲಗಿದಾನಲ್ಲ, ಯಾರ್ರೀ ಆ ಮಹಾನುಭಾವ?"

ಫಣೀಂದ್ರ ಕಾಫಿ ನುಂಗಿದ.

"ಗೊತ್ತಿಲ್ಲ ಸಾರ್. ಉಂಗುರ ಹುಡುಕ್ತಿದ್ರಂತೆ."