ಹುಡುಗಿ ಹ್ಯಾಂಗದಾಳ?

ಬಾಯಲ್ಲಿ ಸುಳ್ಳು ಹೇಳಿದರೆ ನನ್ನ ಕಿವಿ ಕೆಂಪಾಗುತ್ತದೆ. ಕಾಗದದ ಮೇಲೆ ಹೇಳಿದರೆ ಏನೂ ಆಗುವುದಿಲ್ಲ. ಸಾಕ್ಷಿ ಬೇಕಿದ್ದವರು ಆದೋನಿಯ ನಮ್ಮ ಡಿಗ್ರಿ ಕಾಲೇಜಿನಿಂದ ಪಾಸಾಗಿ ಹೋದ ಯಾವ ಹುಡುಗನ ಫೈಲನ್ನಾದರೂ ತೆಗೆದು ನೋಡಬಹುದು. ಅದರಲ್ಲಿ ಭೌತಶಾಸ್ತ್ರದ ಉಪನ್ಯಾಸಕನಾದ ನನ್ನ ಸಹಿಯುಳ್ಳ ಒಂದು ಶಿಫಾರಸು ಪತ್ರ ಇದ್ದೇ ಇರುತ್ತದೆ. ‘ಈತನು ವಿನಯಶೀಲನೂ, ಮಿತಭಾಷಿಯೂ, ಗುರುಹಿರಿಯರಲ್ಲಿ ವಿಧೇಯನೂ, ದೈವಭಕ್ತನೂ ಆಗಿರುತ್ತಾನೆ.’ ಹೆಸರಿನ ಜಾಗ ಮಾತ್ರ ಬದಲಾಗುತ್ತದೆ. ಒಮ್ಮೆ ನನ್ನನ್ನು ಪ್ರಯೋಗಶಾಲೆಯೊಳಗೆ ಬಿಟ್ಟು ಹೊರಗಿನಿಂದ ಚಿಲಕ ಹಾಕಿಕೊಂಡು ಸಿನಿಮಾಕ್ಕೆ ಹೋದ ಇಬ್ಬರು ಪುಣ್ಯಾತ್ಮರ ಬಗ್ಗೆಯೂ ನಾನು ಇದನ್ನೇ ಬರೆದಿದ್ದೇನೆ. ಇಬ್ಬರಿಗೂ ನೌಕರಿ ಸಿಕ್ಕಿತು. ಹಾಗಾಗಿ ಪತ್ರ ಬದಲಿಸುವ ಅಗತ್ಯ ನನಗೆಂದೂ ಕಂಡಿರಲಿಲ್ಲ.

ಈಗ ಡಿಗ್ರಿ ಮುಗಿಯಬೇಕಾದರೆ ಇಂಟರ್ನ್‌ಶಿಪ್ ಮಾಡಲೇಬೇಕು ಎಂಬ ನಿಯಮ ಬಂದಿದೆಯಲ್ಲ, ನಮ್ಮ ಮಕ್ಕಳು ಅದಕ್ಕೂ ಬೇಗ ಒಗ್ಗಿಕೊಂಡರು. ಹಾಲಹರವಿಯ ಹುಡುಗನೊಬ್ಬ ತನ್ನ ಅಪ್ಪನ ಬೀಜ-ಗೊಬ್ಬರದ ಅಂಗಡಿಯಲ್ಲೇ ಎರಡು ತಿಂಗಳು ಇಂಟರ್ನ್‌ಶಿಪ್ ಮಾಡಿ, ಅಪ್ಪನ ಕೈಯಿಂದಲೇ ‘ಶಿಸ್ತಿನ ಸಿಪಾಯಿ’ ಎಂಬ ಪ್ರಶಂಸಾಪತ್ರ ತಂದ. ಆ ‘ಸಿಪಾಯಿ’ ಎಂಬ ಪದವೇ ನಮ್ಮ ಪ್ರಿನ್ಸಿಪಾಲರ ತಲೆಗೆ ಹೊಕ್ಕಿತೋ ಏನೋ, ಮರುವಾರವೇ ಕಾಲೇಜಿನಲ್ಲಿ ‘ಸೈನ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಾರ್ಗದರ್ಶನ ಕೇಂದ್ರ’ ಉದ್ಘಾಟನೆಯಾಯಿತು. ಕೇಂದ್ರವೆಂದರೆ ಆಟದ ಸಾಮಾನಿನ ಕೋಣೆಯಲ್ಲಿ ಮುರಿದ ಕೇರಂ ಬೋರ್ಡಿನ ಪಕ್ಕ ಒಂದು ಮೇಜು, ಒಂದು ಕುರ್ಚಿ, ಗೋಡೆಗೊಂದು ಫ್ಲೆಕ್ಸು. ಫ್ಲೆಕ್ಸಿನಲ್ಲಿ ಮೇಲಕ್ಕೇರುತ್ತಿರುವ ಕ್ಷಿಪಣಿ, ಅದರ ಬೆಂಕಿಯ ಬುಡಕ್ಕೆ ಸರಿಯಾಗಿ ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರ ನಗುಮುಖ. ಕುರ್ಚಿಗೆ ನಾನು. ಯಾಕೆಂದರೆ ಇಡೀ ಸ್ಟಾಫಿನಲ್ಲಿ ಎನ್‌ಸಿಸಿ ಕ್ಯಾಂಪಿಗೆ ಹೋಗಿದ್ದವನು ನಾನೊಬ್ಬನೇ. ಹತ್ತು ದಿನದ ಆ ಕ್ಯಾಂಪಿನಲ್ಲಿ ಎಂಟು ದಿನ ಹೊಟ್ಟೆ ಕೆಟ್ಟು ಮಲಗಿದ್ದೆ ಎಂದು ನಾನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲ ದಿನ ಕೋಣೆ ತುಂಬ ಜನ. ರಾಡಾರ್ ತಯಾರಿಸುವ ಪ್ರಯೋಗಾಲಯಗಳಲ್ಲಿ ವಿದ್ಯಾರ್ಥಿಗಳನ್ನು ಆರು ತಿಂಗಳು ಇಟ್ಟುಕೊಂಡು ಕಲಿಸುತ್ತಾರೆ, ಮುಂದೆ ಸಂಶೋಧನೆಗೆ ಫೆಲೋಶಿಪ್ ಕೊಡುತ್ತಾರೆ ಎಂದೆಲ್ಲ ನಾನು ಹಿಂದಿನ ದಿನ ಓದಿಕೊಂಡು ಬಂದದ್ದನ್ನು ಒಪ್ಪಿಸಿದೆ. ನಂದವರಂ ಕಡೆಯ ಹುಡುಗ ಎದ್ದು ನಿಂತು, “ಯೂನಿಫಾರಂ ಕೊಡತಾರೇನ್ರಿ ಸಾರ್?” ಎಂದ. ಇಲ್ಲವೆಂದೆ. ಅರ್ಧ ಕೋಣೆ ಖಾಲಿಯಾಯಿತು. ಇನ್ನೊಬ್ಬ, “ಸರ್ಟಿಫಿಕೇಟ್ ಮನಿಗೇ ಬರತೈತ್ರಾ, ನಾವು ಹೋಗಬೇಕಾ?” ಎಂದ. ಹೋಗಬೇಕಪ್ಪಾ, ಮತ್ತೆ ಪ್ರವೇಶ ಪರೀಕ್ಷೆಯೂ ಇರುತ್ತದೆ ಎಂದೆ. ಮೂರನೇ ದಿನ ಕೋಣೆಯಲ್ಲಿ ಉಳಿದವರು ನಾನು, ಅಧ್ಯಕ್ಷರ ನಗುಮುಖ ಮತ್ತು ಸುಮಂಗಲಾ.

ಸುಮಂಗಲಾ ನಮ್ಮ ಓಣಿಯವಳೇ. ನಮ್ಮ ಮನೆಯಿಂದ ಆರನೇ ಮನೆ, ಹತ್ತಿ ವ್ಯಾಪಾರಿ ಶಿವರುದ್ರಪ್ಪನ ಮಗಳು, ಎಲೆಕ್ಟ್ರಾನಿಕ್ಸ್ ಓದುತ್ತಿದ್ದವಳು. ಮುಚ್ಚಿದ ಯಂತ್ರವನ್ನು ಕಂಡರೆ ಅವಳಿಗೆ ಆಗುವುದಿಲ್ಲ, ಬಿಚ್ಚಲೇಬೇಕು. ನಮ್ಮ ಲ್ಯಾಬಿನ ಹಳೆಯ ಆಸಿಲೋಸ್ಕೋಪನ್ನು ಬಿಚ್ಚಿ ನಾನು ಎದೆ ಹಿಡಿದುಕೊಳ್ಳುವಂತೆ ಮಾಡಿ, ನಾಲ್ಕನೇ ದಿನ ಜೋಡಿಸಿದಳು. ಐದು ವರ್ಷ ಸತ್ತು ಬಿದ್ದಿದ್ದದ್ದು ಅಂದಿನಿಂದ ಓಡುತ್ತಿದೆ. ಅವಳು ರಾಡಾರ್ ಪ್ರಯೋಗಾಲಯಕ್ಕೆ ಅರ್ಜಿ ಹಾಕುತ್ತೇನೆಂದಾಗ ಶಿವರುದ್ರಪ್ಪ ಕರಾರು ಹಾಕಿದ್ದ. “ದೀಪಾವಳಿಯೊಳಗ ಸಿಕ್ರ ಹೋಗವ್ವ, ಬ್ಯಾಡ ಅನ್ನಂಗಿಲ್ಲ. ಸಿಗಲಿಲ್ಲಂದ್ರ ಮಾತ್ರ ಪೆಳ್ಳಿ, ಮದುವಿ. ಆಮ್ಯಾಲೆ ಪೀಕಲಾಟ ಬ್ಯಾಡ.”

ಶಿಫಾರಸು ಪತ್ರ ಕೇಳಿದಳು, ನನ್ನ ಖಾಯಂ ಪತ್ರ ಕೊಟ್ಟೆ. ಓದಿ, ಮಡಚಿ, ಮೇಜಿನ ಮೇಲಿಟ್ಟಳು. “ಸಾರ್, ಇದನ್ನ ಕಳಿಸಿದ್ರ ನನ್ನ ಮದುವಿ ಆಗತೈತ್ರಿ, ಇಂಟರ್ನ್‌ಶಿಪ್ ಸಿಗಂಗಿಲ್ಲ. ಖರೇವು ಒಂದು ನಾಕು ಮಾತು ಬರೀರಿ.” ಸಿಟ್ಟು ಬಂತು. ಎಷ್ಟೋ ವರ್ಷದ ಪತ್ರ! ಆದರೆ ಅಂದು ಮಧ್ಯಾಹ್ನ ಕೂತು, ಸರ್ವೀಸಿನಲ್ಲೇ ಮೊದಲ ಬಾರಿಗೆ, ಕಂಡದ್ದನ್ನು ಕಂಡಂತೆ ಬರೆದೆ. ‘ಕೇಳಿದ ಪ್ರಶ್ನೆಗೆ ಉತ್ತರ ಸಿಗುವವರೆಗೆ ಬಿಡುವವಳಲ್ಲ. ಬಿಚ್ಚಿದ್ದನ್ನು ಬಹುಮಟ್ಟಿಗೆ ಮತ್ತೆ ಜೋಡಿಸುತ್ತಾಳೆ. ನನ್ನ ಮಾತು ಕೇಳುವುದಿಲ್ಲ, ಆದ್ದರಿಂದ ಸಾಕಷ್ಟು ಕಲಿತಿದ್ದಾಳೆ.’ ಬರೆದು ಮುಗಿಸಿದಾಗ ಸ್ನಾನ ಮಾಡಿ ಮಡಿಯುಟ್ಟಷ್ಟು ಹಗುರಾಗಿತ್ತು.

ಆಮೇಲೆ ತಿಂಗಳುಗಟ್ಟಲೆ ಸುದ್ದಿಯೇ ಇಲ್ಲ. ಮಹಾನವಮಿ ಕಳೆಯಿತು. ಸುಮಂಗಲಾಳನ್ನು ಕೇಳಿದರೆ “ನೋಡೋಣ್ರಿ ಸಾರ್” ಎನ್ನುವಳು. ಆಯ್ಕೆಯಾಗಿದ್ದೀಯ, ವಿಚಾರಣೆ ಮುಗಿಯುವವರೆಗೆ ಯಾರಿಗೂ ಹೇಳಬಾರದು ಎಂದು ಅವಳಿಗೆ ಆಗಲೇ ಸೂಚನೆ ಬಂದಿತ್ತಂತೆ, ಹುಡುಗಿ ಹೆತ್ತವರಿಗೂ ಬಾಯಿ ಬಿಟ್ಟಿರಲಿಲ್ಲ. ಅದು ನಮಗೆ ಹೇಗೆ ಗೊತ್ತಾಗಬೇಕು? ಒಂದು ಸಂಜೆ ಶಿವರುದ್ರಪ್ಪ ನನ್ನನ್ನು ತಡೆದು ನಿಲ್ಲಿಸಿ, “ಆಚಾರ್ರ, ಅದೇನೋ ಬರೋ ಹಂಗ ಕಾಣಂಗಿಲ್ಲ. ನಾಕು ಕಡಿ ಹೇಳಿಟ್ಟೀನಿ. ಯಾರರ ಕೇಳಾಕ ಬಂದ್ರ ಒಳ್ಳೇ ಮಾತು ಹೇಳ್ರಿ ಮತ್ತ” ಎಂದ. ಇದೇ ಮಾತನ್ನು ಅವನು ಓಣಿಯ ಎಲ್ಲ ಕಟ್ಟೆಗಳ ಮೇಲೂ ಹೇಳಿ ಬಂದಿದ್ದ.

ನಮ್ಮ ಕಡೆ ಹೆಣ್ಣು ನೋಡುವವರು ಮೊದಲು ಹೆಣ್ಣಿನ ಮನೆಗೆ ಬರುವುದಿಲ್ಲ. ಇಸ್ತ್ರಿ ಮಾಡಿದ ಅಂಗಿಯ ಅಪರಿಚಿತನೊಬ್ಬ ಅಕ್ಕಪಕ್ಕದ ಕಟ್ಟೆಗೆ ಬಂದು ಕೂತು, ನೀರು ಕೇಳಿ, ಕುಡಿದು, “ಹುಡುಗಿ ಹ್ಯಾಂಗದಾಳ್ರಿ?” ಎನ್ನುತ್ತಾನೆ. ಯಾರು, ಎಲ್ಲಿಂದ ಎಂದು ಅವನು ಹೇಳುವುದಿಲ್ಲ, ನಾವು ಕೇಳುವುದೂ ಇಲ್ಲ. ಕೇಳುವುದು ಮರ್ಯಾದೆಯಲ್ಲ. ನೂರು ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರೇ ಹೇಳಿಟ್ಟಿದ್ದಾರೆ. ಆ ನೂರರಲ್ಲಿ ತನ್ನ ಪಾಲಿನ ಹತ್ತಿಪ್ಪತ್ತನ್ನು ಓಣಿಯ ಪ್ರತಿಯೊಬ್ಬನೂ ಸಂತೋಷದಿಂದ ಸಲ್ಲಿಸುತ್ತಾನೆ. ಅವುಗಳಿಗೆ ಕಿವಿ ಕೆಂಪಾಗುವುದಿಲ್ಲ.

ಭಾನುವಾರ ಬೆಳಿಗ್ಗೆ ಇಸ್ತ್ರಿ ಅಂಗಿ ಬಂತು. ಕಂಕುಳಲ್ಲಿ ಫೈಲು; ಜಾತಕ ಎಂದುಕೊಂಡೆ. ಕೂತು, ನೀರು ಕುಡಿದು, ತೆಲುಗು ಬೆರೆತ ಕನ್ನಡದಲ್ಲಿ, “ಶಿವರುದ್ರಪ್ಪಗಾರ ಮಗಳ ಬಗ್ಗೆ ಸ್ವಲ್ಪ ವಿಚಾರಿಸಬೇಕಿತ್ತು ಸಾರ್. ಹುಡುಗಿ ಹ್ಯಾಂಗದಾಳ?” ಎಂದ.

“ಬಂಗಾರ!” ಎಂದೆ.

“ಜಗಳ ಗಿಗಳ?”

“ಅಯ್ಯೋ, ಆಕಿ ದನಿ ಹೆಂಗೈತಿ ಅಂತ ಓಣ್ಯಾಗ ಯಾರಿಗೂ ಗೊತ್ತಿಲ್ಲ.”

“ಗುಟ್ಟು ಇಟ್ಟುಕೊಳ್ಳೋ ಸ್ವಭಾವನಾ?”

“ಛೆ ಛೆ! ಏನಿದ್ರೂ ಅವ್ವನ ಮುಂದ ಹೇಳಿಬಿಡತಾಳ. ಅವರ ಮನ್ಯಾಗ ಆಡಿದ್ದು ಐದು ನಿಮಿಷದಾಗ ಓಣಿಗೆಲ್ಲ ತಿಳೀತೈತಿ. ಮುಚ್ಚುಮರಿ ಅನ್ನೋದೇ ಇಲ್ಲ.”

ಆತ ಬರೆದುಕೊಂಡ. ಬರೆದುಕೊಳ್ಳುವಷ್ಟು ಆಸಕ್ತಿಯ ಗಂಡಿನ ಕಡೆಯವರನ್ನು ನಾನು ನೋಡಿಯೇ ಇರಲಿಲ್ಲ. ನನಗೆ ಹುರುಪು ಬಂತು.

“ಹೊರದೇಶದಾಗ ಯಾರರ ಸಂಬಂಧಿಕರು?”

ಅವಳ ದೊಡ್ಡಪ್ಪನ ಮಗ ಒಮ್ಮೆ ದುಬೈಗೆ ಟೂರು ಹೋಗಿ ಒಂದು ಡಬ್ಬಿ ಖರ್ಜೂರ ತಂದಿದ್ದ. ಅಷ್ಟು ಸಾಕಾಯಿತು ನನಗೆ. “ಯಾಕಿಲ್ಲ? ಅಣ್ಣ ದುಬೈನಾಗ ಅದಾನ. ದಿನಾ ಸಂಜಿಮುಂದ ವಿಡಿಯೋ ಕಾಲು. ಪಾಸ್‌ಪೋರ್ಟು ತಯಾರೈತಿ. ನೀವು ಹೂಂ ಅಂದ್ರ ನಾಳೆ ವಿಮಾನ ಹತ್ತತಾಳ.”

ಆತ ಪೆನ್ನು ನಿಲ್ಲಿಸಿ ನನ್ನನ್ನೇ ನೋಡಿದ. “ಎಲೆಕ್ಟ್ರಾನಿಕ್ಸ್ ಗಿಲೆಕ್ಟ್ರಾನಿಕ್ಸ್?”

“ಅದೆಲ್ಲ ಟೈಂಪಾಸ್ ರೀ. ನಾಳೆ ಬಿಡು ಅಂದ್ರ ನಾಳೆ ಬಿಡತಾಳ. ಸ್ಕ್ರೂಡ್ರೈವರ್ ಯಾವ ಕಡಿ ಹಿಡೀಬೇಕು ಅನ್ನೋದೂ ತಿಳಿಯಂಗಿಲ್ಲ. ಅದಿರಲಿ, ಹುಡುಗ ಏನ್ ಮಾಡತಾನ್ರಿ?”

“ಯಾವ ಹುಡುಗ ಸಾರ್?” ಎನ್ನುತ್ತ ಆತ ಫೈಲು ಬಿಚ್ಚಿ ಒಂದು ಹಾಳೆ ತೆಗೆದ. “ಇದು ನಿಮ್ಮ ಸಹೀನೇ ಕದಾ?”

ನನ್ನದೇ ಪತ್ರ. ಸರ್ವೀಸಿನಲ್ಲಿ ನಾನು ಬರೆದ ಒಂದೇ ಒಂದು ಸತ್ಯ, ನನ್ನ ಮುಂದೆಯೇ ನನ್ನ ವಿರುದ್ಧ ಸಾಕ್ಷಿಯಾಗಿ ಕೂತಿತ್ತು. ಕಿವಿ ಕೆಂಪಾದದ್ದಲ್ಲ, ಉರಿಯತೊಡಗಿತು. ಆತ ಸರ್ಕಾರದ ವಿಚಾರಣೆಗೆ ಬಂದವನು. ಪ್ರಯೋಗಾಲಯದೊಳಗೆ ಬಿಡುವ ಮೊದಲು ಹುಡುಗಿಯ ಪೂರ್ವಾಪರ ತಿಳಿಯಬೇಕಂತೆ. “ನಿಮ್ಮದು ನಾಲ್ಕನೇ ಮನೆ ಸಾರ್. ಎಲ್ಲಾ ಕಡೆ ಇದೇ ಹೇಳಿದ್ರು. ಗಿರಣಿ ಬಸಮ್ಮ ಸಿಂಗಪುರ ಅಂದ್ರು, ಆಕಡೆಯವರು ಅಮೆರಿಕಾ ಅಂದ್ರು, ನೀವು ದುಬೈ. ಗುಟ್ಟು ನಿಲ್ಲಂಗಿಲ್ಲ, ಕೆಲಸ ಬರಂಗಿಲ್ಲ, ದೇಶದೇಶಕ್ಕೆಲ್ಲಾ ಫೋನು. ಇಂಥ ಹುಡುಗೀನ್ನ ರಾಡಾರ್ ಹತ್ರ ಎಟ್ಲಾ ಬಿಡೋದು?” ಎಂದು ಫೈಲು ಮುಚ್ಚಿದ.

ಹುಡುಗಿಯ ಆರು ತಿಂಗಳನ್ನಲ್ಲ, ಇಡೀ ಬಾಳನ್ನೇ ನಾನು ಒಂದು ತಂಬಿಗೆ ನೀರು ಕೊಟ್ಟು ಮುಳುಗಿಸಿದ್ದೆ. ದೀಪಾವಳಿಗೆ ಎಂಟು ದಿನ ಉಳಿದಿತ್ತು. ಆತನ ಕೈ ಹಿಡಿದುಕೊಂಡು, ತಪ್ಪಾಯಿತು, ನಾವೆಲ್ಲ ನಿಮ್ಮನ್ನು ಗಂಡಿನ ಕಡೆಯವರೆಂದುಕೊಂಡೆವು ಎಂದೆ. ಆತ ನಗಲಿಲ್ಲ. “ಹಾಗಾದ್ರೆ ಏದಿ ನಿಜ ಸಾರ್?” ಎಂದ. “ಬರ್ರಿ, ಅವರ ಬಾಯಿಂದಲೇ ಕೇಳ್ರಿ” ಎಂದು ಅಂಗಿಯ ಗುಂಡಿಯನ್ನೂ ಹಾಕಿಕೊಳ್ಳದೆ ಅವನನ್ನು ಎಳೆದುಕೊಂಡು ಹೊರಟೆ.

ಹಿಟ್ಟಿನ ಗಿರಣಿಯ ಬಸಮ್ಮನಿಗೆ, ಇದು ಮದುವೆಯಲ್ಲ, ಖರೆ ಹೇಳವ್ವ ಎಂದದ್ದೇ ತಡ, ಕಟ್ಟೆ ಒಡೆದಂತಾಯಿತು. “ಖರೆ ಹೇಳಲೇನ್ರಿ? ಆಕಿದು ಬಾಯಲ್ಲ, ಬೊಂಬಾಯಿ! ನನ್ನ ಗಿರಣಿ ಮೋಟರು ಬಿಚ್ಚಿ ಹರವಿಟ್ಟು, ಎರಡು ದಿನ ಓಣಿಗೆ ರೊಟ್ಟಿ ಇಲ್ಲದಂಗ ಮಾಡಿದ್ಲು. ಮ್ಯಾಲೆ, ನೀ ಇಷ್ಟು ದಿನ ಕರೆಂಟ್ ದಂಡ ಮಾಡೀ ಅಂತ ನನಗೇ ಬೈದ್ಲು.”

“ಮೋಟರು ಏನಾಯ್ತು?” ಎಂದ ಆತ.

“ಈಗ ಮೊದಲಿಗಿಂತ ಚಲೋ ಓಡತೈತ್ರಿ. ಆದ್ರ ಬೈದದ್ದು ಬೈದದ್ದೇ.”

ಮೂರೂ ಮನೆಗಳಲ್ಲಿ ಇದೇ ಕಥೆ. ಓಣಿಯವರು ಅಷ್ಟು ಸತ್ಯವನ್ನು ಒಂದೇ ದಿನ ಆಡಿದ್ದನ್ನು ನಾನು ಕಂಡಿಲ್ಲ. ಮೊಂಡಿ, ಜಗಳಗಂಟಿ, ಆದರೆ ಗುಟ್ಟಿನ ಮಾತು ಕೇಳಿದರೆ ಬಾಯಿ ಬಿಡುವವಳಲ್ಲ, ಹೊಟ್ಟೆಯೊಳಗೆ ಏನಿದೆ ಎಂದು ಹೆತ್ತ ತಾಯಿಗೂ ಗೊತ್ತಿಲ್ಲ. ಸಿಂಗಪುರ, ಅಮೆರಿಕಾ, ದುಬೈ ಮೂರೂ ಸೇರಿ ಒಂದು ಡಬ್ಬಿ ಖರ್ಜೂರಕ್ಕೆ ಇಳಿದವು. ಪ್ರತಿ ದೂರಿಗೂ ಆತನ ಮುಖ ಅರಳುತ್ತ ಹೋಯಿತು. ಗದ್ದಲಕ್ಕೆ ಸುಮಂಗಲಾ ಹೊರಗೆ ಬಂದಳು, ಕೈಯಲ್ಲಿ ಸ್ಕ್ರೂಡ್ರೈವರ್. ಆತನ ಫೈಲನ್ನೂ ನನ್ನ ಗುಂಡಿ ಬಿಚ್ಚಿದ ಅಂಗಿಯನ್ನೂ ನೋಡಿದ ಕೂಡಲೇ ಅವಳಿಗೆ ಎಲ್ಲ ತಿಳಿಯಿತು. “ಸಾರ್, ಆ ಹಳೇ ಪತ್ರಾನ ಬಾಯಿಪಾಠ ಒಪ್ಪಿಸಿದ್ರೇನ್ರಿ?” ಎಂದಳು. ನಾನು ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದೆ.

ಹೊರಡುವಾಗ ಆತ ಕೊನೆಯದಾಗಿ ಬಸಮ್ಮನನ್ನು ಕೇಳಿದ. “ಶಿಫಾರಸು ಮಾಡಿದವರ ಬಗ್ಗೇನೂ ಒಂದು ಕಾಲಂ ಐತಿ. ಈ ಆಚಾರ್ ಸಾರ್ ಹ್ಯಾಂಗ?” ಬಸಮ್ಮ ಇನ್ನೂ ಸತ್ಯದ ಓಘದಲ್ಲೇ ಇದ್ದಳು. “ಒಳ್ಳೇವ್ರ ಬಿಡ್ರಿ. ಆದ್ರ ಮಾತಿಗೆ ಕೂತ್ರ ಮುಗೀತು, ಬಾಯಿಗೆ ಚಿಲಕಿಲ್ಲ. ಅವರ ಮಾತು ಕೇಳಿ ಯಾರೂ ಗೋದಿ ಬೀಸಂಗಿಲ್ಲ.” ಆತ ಅದನ್ನೂ ಬರೆದುಕೊಂಡ.

ದೀಪಾವಳಿಗೆ ಎರಡು ದಿನ ಮೊದಲು ಸುಮಂಗಲಾಳಿಗೆ ಅಂತಿಮ ಆದೇಶ ಬಂತು. ಅವಳೀಗ ಅಲ್ಲೇ ಇದ್ದಾಳೆ. ಏನು ಮಾಡುತ್ತಾಳೆಂದು ಕೇಳಿದರೆ ಶಿವರುದ್ರಪ್ಪನಿಗೂ ಹೇಳುವುದಿಲ್ಲ. ಫ್ಲೆಕ್ಸಿನಲ್ಲಿ ಅಧ್ಯಕ್ಷರ ಪಕ್ಕಕ್ಕೆ ಅವಳ ಚಿತ್ರವೂ ಬಂದಿದೆ.

ಆದೇಶ ಬಂದ ದಿನ ಖುಷಿಯಲ್ಲಿ ಮನೆಗೆ ಬಂದು, ನಮ್ಮ ಓಣಿಯವರು ಎಂಥ ಸುಳ್ಳುಗಾರರು ನೋಡು, ಬಾಯಿಗೆ ಬಂದದ್ದನ್ನು ಹೇಳಿ ಒಂದು ಹುಡುಗಿಯ ಬಾಳು ಹಾಳು ಮಾಡುತ್ತಿದ್ದರು ಎಂದು ಹೆಂಡತಿಯ ಮುಂದೆ ಒಂದು ಗಂಟೆ ಭಾಷಣ ಮಾಡಿದೆ. ಅವಳು ಹತ್ತಿಯ ಬತ್ತಿ ಹೊಸೆಯುತ್ತಿದ್ದಳು. ಕೊನೆಗೆ ತಲೆಯೆತ್ತದೆಯೇ, “ನಮ್ಮಪ್ಪನೂ ನಿಮ್ಮ ಬಗ್ಗೆ ಕೇಳಾಕ ಇದೇ ಓಣಿಗೇ ಬಂದಿದ್ರು” ಎಂದಳು. “ಹುಡುಗ ಭಾಳ ಮಿತಭಾಷಿ ಅಂತ ಓಣ್ಯಾಗಿನವ್ರು ಹೇಳಿ ಕಳಿಸಿದ್ರು.”

“ಮತ್ತೆ?” ಎಂದೆ.

“ಮತ್ತೇನು? ಎರಡನೇ ಸಲ ಕೇಳಾಕ ಫೈಲು ಹಿಡಕೊಂಡು ಯಾರೂ ಬರಲಿಲ್ಲ.”