ನೆರೂಳಿನ ಚಳಿಗಾಲದ ಬೀಡು

ನನ್ನ ಸೋದರಮಾವ ಒಂದು ಕರಡಿ! ಬೈಗುಳವಲ್ಲ, ಅವರೇ ಘೋಷಿಸಿಕೊಂಡದ್ದು. ಊರು ಬಿಟ್ಟು ಮಹಾನಗರದ ನೌಪಾಡಾದಲ್ಲಿ ನಲವತ್ತು ವರ್ಷ ಇಡ್ಲಿ-ವಡೆಯ ಹೋಟೆಲು ನಡೆಸಿ, ದಿನಾ ಮೂರೂವರೆಗೆ ಎದ್ದು, ಈಗ ನೆರೂಳಿನ ಫ್ಲ್ಯಾಟಿನಲ್ಲಿ ವಿಶ್ರಾಂತಿಯಲ್ಲಿರುವ ಈ ಉಡುಪಿಯ ಮನುಷ್ಯ ಕಳೆದ ಧನುರ್ಮಾಸದ ಮೊದಲ ದಿನ ಕರಡಿಯಾದರು.

ಎಲ್ಲಕ್ಕೂ ಮೂಲ ಮೊಮ್ಮಗಳ ಶಾಲೆಯ ಪುಸ್ತಕ. "ಅಜ್ಜಾ, ಭಾಲೂ ಪೂರಾ ವಿಂಟರ್ ಸೋತಾ ಹೈ. ಹೈಬರ್ನೇಶನ್!" ಎಂದಳಂತೆ, ಕರಡಿ ಚಳಿಗಾಲವಿಡೀ ಮಲಗಿರುತ್ತದೆ ಎಂದು ಅವಳ ಹಿಂದಿಯಲ್ಲಿ. ಮಾವ ಕೂಡಲೇ ಮೊಬೈಲಿನಲ್ಲಿ ಆ ಪದದ ಹುಟ್ಟೂರು ಹುಡುಕಿಸಿದರು. ಲ್ಯಾಟಿನ್ನಿನಲ್ಲಿ ಹೀಬರ್ನಾ ಎಂದರೆ, ಚಳಿಗೆ ಯುದ್ಧ ನಿಲ್ಲಿಸಿದ ಸೈನಿಕರು ಬೀಡು ಬಿಡುವ ಜಾಗ. ಅದರ ಬೇರು, ನಮ್ಮ ಹಿಮ, ಹೇಮಂತಗಳ ಬೇರು ಎಲ್ಲ ಒಂದೇ! ತಕ್ಷಣ ಅಲ್ಲೇ ಹತ್ತಿರ ಸಾನಪಾಡಾದಲ್ಲಿರುವ ನನಗೆ ಫೋನು.

"ನೋಡು ಮಾರಾಯ, ಪದ ನಮ್ಮ ದಾಯಾದಿಯೇ. ವಿದೇಶಕ್ಕೆ ಹೋಗಿ ಪ್ಯಾಂಟು ಹಾಕ್ಕೊಂಡು ಬಂದದ್ದು, ಅಷ್ಟೆ!"

ಧನುರ್ಮಾಸಕ್ಕೆ ಮೊದಲಿನ ವಾರವಿಡೀ ಮೈಯಲ್ಲಿ ಕೊಬ್ಬು ಶೇಖರಿಸಬೇಕೆಂದು ಹೋಟೆಲಿನಿಂದ ಗೋಳಿಬಜೆ ತರಿಸಿ ತಿಂದದ್ದೇ ತಿಂದದ್ದು. ಆದರೆ ಡಿಸೆಂಬರಿನಲ್ಲೂ ಸೆಕೆಯಾಗುವ ನೆರೂಳಿನಲ್ಲಿ ಚಳಿಯನ್ನು ಎಲ್ಲಿಂದ ತರಿಸುವುದು? ಫ್ಯಾನನ್ನು ಐದಕ್ಕಿಟ್ಟು, ಮಂಕಿ ಟೋಪಿ ಹಾಕಿ, ಎರಡು ಕಂಬಳಿ ಹೊದ್ದು ಮಲಗಿಬಿಟ್ಟರು.

ನನಗೆ ನಗುವಿನ ಹಿಂದೆಯೇ ಸಿಟ್ಟೂ ಬಂತು. ಅತ್ತೆಗೆ ಆಗಷ್ಟೇ ಹೃದಯದ ಆಪರೇಷನ್ ಆಗಿತ್ತು. ಒಂದು ತಿಂಗಳು ಚೆನ್ನಾಗಿ ನಿದ್ದೆ ಮಾಡಬೇಕು, ನಸುಕಿನಲ್ಲೆದ್ದು ಒಲೆಯೆದುರು ನಿಂತರೆ ಜೀವಕ್ಕೇ ಅಪಾಯ ಎಂದಿದ್ದರು ಡಾಕ್ಟರು. ಅತ್ತೆ ಕೇಳಬೇಕಲ್ಲ! "ಧನುರ್ಮಾಸದಲ್ಲಿ ಮಲಗುದುಂಟಾ? ಸೂರ್ಯ ಹುಟ್ಟುವ ಮೊದಲು ದೇವರಿಗೆ ಹುಗ್ಗಿ ಆಗ್ಬೇಡ್ವಾ?" ಎಂದು ಅವರ ಹಟ.

"ಈ ಸಲ ದೇವರಿಗೂ ಹೈಬರ್ನೇಶನ್. ಎಂಟು ಗಂಟೆಗೆ ಸೊಸೆ ಹುಗ್ಗಿ ಮಾಡ್ತಾಳೆ, ಆಗ ಏಳ್ತಾನೆ," ಎಂದು ಕಂಬಳಿಯೊಳಗಿಂದ ಮಾವ.

ನೋಡಿಕೊಳ್ಳಬೇಕಾದ ಗಂಡನೇ ಗುಹೆ ಸೇರಿದರೆ ಹೇಗೆ? "ಮಾವ, ಸ್ವಲ್ಪ ನಾಚಿಕೆ ಇರಲಿ," ಎಂದೆ ಫೋನಿನಲ್ಲಿ.

"ಕರಡಿಗೆ ಎಂತ ನಾಚಿಕೆ?"

ಬುದ್ಧಿ ಹೇಳಲೆಂದೇ ಒಂದು ಶನಿವಾರ ಹೋಗಿ ಅಲ್ಲೇ ಉಳಿದೆ. ಬೆಳಿಗ್ಗೆ ಆರೂಮುಕ್ಕಾಲಿಗೆ ನೀರು ಕುಡಿಯಲು ಎದ್ದರೆ, ಅವರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಕಿಟಕಿಯಾಚೆ ಮಂಜೋ ಹೊಗೆಯೋ ತಿಳಿಯದ ಮಸುಕು ಬೆಳಕು. ಎಲ್ಲೋ ದೂರದಲ್ಲಿ ಲೋಕಲ್ ಟ್ರೇನು ಕನಸಿನೊಳಗೆ ಹೋದಂತೆ ಹೋಯಿತು. ಅತ್ತೆಗೆ ಗಾಢ ನಿದ್ದೆ. ಪಕ್ಕದಲ್ಲಿ ಮಾವ ಮಂಕಿ ಟೋಪಿಯೊಳಗಿಂದ ಕಣ್ಣು ಅಗಲಿಸಿ ಫ್ಯಾನು ನೋಡುತ್ತಾ ಅಲುಗಾಡದೆ ಮಲಗಿದ್ದರು.

"ನಿದ್ದೆ ಬರಲಿಲ್ವಾ ಮಾವ?" ಎಂದು ಪಿಸುಗುಟ್ಟಿದೆ.

"ಮೂರೂವರೆಗೇ ಎಚ್ಚರ ಆಗ್ತದೆ. ಅಭ್ಯಾಸ ಎಲ್ಲಿಗೆ ಹೋಗ್ತದೆ? ಆದ್ರೆ ನಾನು ಎದ್ರೆ ಇವಳೂ ಏಳ್ತಾಳೆ. ನನಗೆ ಕಾಫಿ ಮಾಡ್ಲಿಕ್ಕೆ ಅಂತ ಇಷ್ಟು ವರ್ಷ ಎದ್ದವಳಲ್ವಾ? ನಾನು ಮಲಗಿದ್ದು ಕಂಡ್ರೆ ಮಾತ್ರ ಅವಳೂ ಮಲಗ್ತಾಳೆ."

"ಹಾಗಾದರೆ ಆ ಕರಡಿ?"

"ಸೈನಿಕರ ಬೀಡು ಅಂದ್ಮೇಲೆ ಒಬ್ಬ ಕಾವಲಿಗೆ ಬೇಡ್ವಾ? ಮೆಲ್ಲ ಮಾತಾಡು."

ಬುದ್ಧಿ ಹೇಳಲು ಬಂದವನು ತುದಿಗಾಲಲ್ಲಿ ಬಾಗಿಲಿನತ್ತ ಹಿಂದೆ ಸರಿದೆ. ಅಷ್ಟರಲ್ಲಿ ಅತ್ತೆ ಮಿಸುಕಾಡಿದರು. ಮಾವ ತಟ್ಟನೆ ಕಣ್ಣು ಮುಚ್ಚಿ ಗೊರಕೆ ಶುರುಮಾಡಿದರು. ಅತ್ತೆ ಅರೆಗಣ್ಣು ತೆರೆದು ಅವರನ್ನೊಮ್ಮೆ ನೋಡಿದರು, ಜಾರಿದ ಕಂಬಳಿಯನ್ನು ಅವರ ಹೆಗಲಿಗೆಳೆದರು, ಮತ್ತೆ ಮಗ್ಗುಲಾಗಿ ಮಲಗಿದರು.